ಬೆಲ್ಟ್ ಬಿಚ್ಚಿದ ಕೈಯೇ ಬಾಗಿಲು ತೆರೆಯಲಿ

ನಿಂತ ಕಾರಿನ ಬಾಗಿಲು ಕಣ್ಣುಮಿಟುಕಿಸುವಷ್ಟರಲ್ಲಿ ರಸ್ತೆಗೆ ಅಡ್ಡಗೋಡೆಯಾಗುತ್ತದೆ. ಹಿಂದಿನಿಂದ ಬರುವ ಸೈಕಲ್ಲಿಗೆ ನಿಲ್ಲಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ಬಾಗಿಲು ತೆರೆಯುವ ಕೈಯನ್ನು ಬದಲಿಸಿದರೆ ಸಾಕು, ಕುತ್ತಿಗೆ ತಾನಾಗಿ ಹಿಂದಕ್ಕೆ ತಿರುಗುತ್ತದೆ. ಜೂನ್ 3 ವಿಶ್ವ ಸೈಕಲ್ ದಿನ. ಈ ಸಲದ ಪಾಠ ಸೈಕಲ್ ತುಳಿಯುವವರಿಗಲ್ಲ, ಕಾರಿನಿಂದ ಇಳಿಯುವವರಿಗೆ.

ಜಯನಗರ ನಾಲ್ಕನೇ ಬ್ಲಾಕ್, ಸಂಜೆ ಆರೂವರೆ. ಮಳೆ ಈಗಷ್ಟೇ ನಿಂತಿದೆ. ರಸ್ತೆಯ ಎಡಕ್ಕೆ ನಿಲ್ಲಿಸಿದ ಕಾರುಗಳ ಸಾಲು, ಬಲಕ್ಕೆ ಬಸ್ಸು, ಆಟೋ, ಸ್ಕೂಟರುಗಳ ನೂಕುನುಗ್ಗಲು. ನಡುವೆ ಉಳಿದ ಒಂದು ಮೀಟರ್ ಜಾಗದಲ್ಲಿ ಟೀ ಮಾರುವವನೊಬ್ಬ ಸೈಕಲ್ ತುಳಿದು ಬರುತ್ತಿದ್ದಾನೆ. ಕ್ಯಾರಿಯರಿಗೆ ಕಟ್ಟಿದ ಸ್ಟೀಲಿನ ಕ್ಯಾನು, ಹ್ಯಾಂಡಲಿಗೆ ತೂಗುಹಾಕಿದ ಪೇಪರ್ ಲೋಟಗಳ ಚೀಲ.

ಸಾಲಿನಲ್ಲಿರುವ ಕಾರೊಂದರೊಳಗೆ ಫೋನಿನ ಬೆಳಕು ಆರುತ್ತದೆ. ಓಡಿಸುತ್ತಿದ್ದವರು ಬಲಗೈಯಿಂದ ಹಿಡಿ ಎಳೆಯುತ್ತಾರೆ, ಮೊಣಕೈಯಿಂದ ಬಾಗಿಲನ್ನು ಪೂರ್ತಿ ತಳ್ಳುತ್ತಾರೆ. ಕಣ್ಣು ಎದುರಿನ ಅಂಗಡಿಯ ಮೇಲೆ.

ಬ್ರೇಕ್ ಹಿಡಿಯುವ ಮೊದಲೇ ಸೈಕಲ್ ಹ್ಯಾಂಡಲಿನ ಎಡತುದಿ ಬಾಗಿಲಿನ ಅಂಚಿಗೆ ತಗುಲುತ್ತದೆ. ಚಕ್ರ ಎಡಕ್ಕೆ ಹೊರಳುತ್ತದೆ, ಮೈ ಬಲಕ್ಕೆ ಎಗರುತ್ತದೆ. ಬಿದ್ದವನ ಹಿಂದೆ ಬರುತ್ತಿರುವುದು ಮತ್ತೊಂದು ಸೈಕಲ್ಲೋ ಬಿಎಂಟಿಸಿ ಬಸ್ಸೋ ಎಂಬುದರ ಮೇಲೆ ಅವನ ಜೀವ ನಿಂತಿದೆ.

ಇಂಗ್ಲಿಷಿನಲ್ಲಿ ಇಂಥ ಅಪಘಾತಕ್ಕೆ ‘ಡೋರಿಂಗ್’ ಎನ್ನುತ್ತಾರೆ. ಹೆಸರು ಗೊತ್ತಿಲ್ಲದಿದ್ದರೂ ಈ ದೃಶ್ಯ ಗೊತ್ತಿಲ್ಲದ ಊರು ಕರ್ನಾಟಕದಲ್ಲಿಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ, ಯಾವುದೇ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಬೀದಿಯಲ್ಲಿ ಒಂದು ಗಂಟೆ ನಿಂತು ನೋಡಿ. ಕೂದಲೆಳೆಯಲ್ಲಿ ತಪ್ಪಿದ ಪ್ರಕರಣವಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಲೆಕ್ಕ ಸರಳ, ನಿರ್ದಯ

ಕಾರಿನ ಮುಂಬಾಗಿಲು ಪೂರ್ತಿ ತೆರೆದರೆ ಹೆಚ್ಚುಕಡಿಮೆ ಒಂದು ಮೀಟರ್ ರಸ್ತೆಗೆ ಚಾಚಿಕೊಳ್ಳುತ್ತದೆ. ಸಾಮಾನು ಹೇರಿದ ಸೈಕಲ್ ಗಂಟೆಗೆ 15 ಕಿ.ಮೀ. ವೇಗದಲ್ಲಿ ಬರುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು. ಅಪಾಯ ಕಂಡು, ಅದು ಅಪಾಯವೆಂದು ಮನಸ್ಸಿಗೆ ಹೊಳೆದು, ಬೆರಳು ಬ್ರೇಕಿನ ಮೇಲೆ ಬಿಗಿಯಾಗಲು ಸುಮಾರು ಒಂದು ಸೆಕೆಂಡ್ ಬೇಕು. ಬ್ರೇಕ್ ಕೆಲಸ ಶುರುಮಾಡುವ ಹೊತ್ತಿಗೆ ಒಂದು ಕಾರಿನ ಉದ್ದದಷ್ಟು ದಾರಿ ಮುಗಿದುಹೋಗಿರುತ್ತದೆ. ಎರಡು ಮೀಟರ್ ದೂರದಲ್ಲಿ ಬಾಗಿಲು ತೆರೆದರೆ ಜಗತ್ತಿನ ಅತ್ಯುತ್ತಮ ಸವಾರನೂ ಏನೂ ಮಾಡಲಾರ.

ಮಳೆಗಾಲದಲ್ಲಿ ಇದು ಇನ್ನೂ ಕೆಡುತ್ತದೆ. ಒದ್ದೆಯಾದ ರಿಮ್ಮಿನ ಮೇಲೆ ಬ್ರೇಕ್ ರಬ್ಬರು ಜಾರುತ್ತದೆ. ಕಾರಿನೊಳಗೆ ಗಾಜು ಮಂಜುಗಟ್ಟಿರುತ್ತದೆ, ಸೈಡ್ ಮಿರರಿನ ಮೇಲೆ ಹನಿ ನಿಂತಿರುತ್ತದೆ. ಇಳಿಯುವವರಿಗೆ ನೆನೆಯುವ ಮುಂಚೆ ಓಡುವ ಆತುರ. ರೇನ್‌ಕೋಟಿನ ಟೋಪಿ ಹಾಕಿಕೊಂಡ ಸವಾರನಿಗೆ ಪಕ್ಕದ್ದು ಸರಿಯಾಗಿ ಕಾಣುವುದಿಲ್ಲ.

ಇಷ್ಟಾದ ಮೇಲೆ ರಸ್ತೆಯಲ್ಲಿ ಸೇರುವ ಜನ ಹೇಳುವ ಮೊದಲ ಮಾತು: ‘ಕಾರು ನಿಂತಿತ್ತಲ್ಲ, ಅವನೇ ಬಂದು ಗುದ್ದಿದ.’ ಈ ಮಾತನ್ನು ನಾನು ಒಪ್ಪಲಾರೆ. ಕಾರು ನಿಂತಿತ್ತು ನಿಜ. ಚಲಿಸಿದ್ದು ಬಾಗಿಲು. ಸವಾರ ತನ್ನ ದಾರಿಯಲ್ಲಿ ನೇರವಾಗಿ ಬರುತ್ತಿದ್ದ. ಆ ದಾರಿಯೊಳಕ್ಕೆ ನುಗ್ಗಿದ್ದು ಕಾರಿನ ಕಬ್ಬಿಣ.

ಕೈ ಬದಲಿಸುವುದು ಹೀಗೆ

ಪರಿಹಾರ ಎಷ್ಟು ಚಿಕ್ಕದೆಂದರೆ, ಮೊದಲು ಕೇಳಿದಾಗ ಇಷ್ಟೇನಾ ಅನ್ನಿಸುತ್ತದೆ. ಬಾಗಿಲಿಗೆ ಹತ್ತಿರವಿರುವ ಕೈಯನ್ನು ತೊಡೆಯ ಮೇಲೇ ಬಿಡಿ. ದೂರದ ಕೈಯನ್ನು ಎದೆಯ ಮುಂದಿನಿಂದ ದಾಟಿಸಿ ಹಿಡಿಯನ್ನು ಹಿಡಿಯಿರಿ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿದೆ, ಹಾಗಾಗಿ ಓಡಿಸುವವರಿಗೆ ಅದು ಎಡಗೈ. ಎಡಬದಿಯ ಸೀಟಿನಲ್ಲಿ ಕೂತವರಿಗೆ ಬಲಗೈ.

ಕೂತಲ್ಲೇ ಒಮ್ಮೆ ಮಾಡಿ ನೋಡಿ. ಎಡಗೈ ಬಲಕ್ಕೆ ಚಾಚಿದೊಡನೆ ಎಡ ಭುಜ ಮುಂದಕ್ಕೆ ಬರುತ್ತದೆ, ಸೊಂಟ ಹೊರಳುತ್ತದೆ, ಗಲ್ಲ ಬಲ ಭುಜದತ್ತ ಸರಿಯುತ್ತದೆ. ಕಣ್ಣಿನ ದಾರಿಯಲ್ಲಿ ಮೊದಲು ಸೈಡ್ ಮಿರರ್ ಸಿಗುತ್ತದೆ, ಆಮೇಲೆ ಕಿಟಕಿ, ಅದರಾಚೆ ಹಿಂದಿನ ರಸ್ತೆ. ನೆನಪಿಟ್ಟುಕೊಂಡು ನೋಡಬೇಕಾಗಿಲ್ಲ, ಮೈಯೇ ನೋಡಿಸುತ್ತದೆ. ಇನ್ನೊಂದು ಲಾಭವೂ ಇದೆ: ಅಡ್ಡಲಾಗಿ ಚಾಚಿದ ಕೈಗೆ ಬಾಗಿಲನ್ನು ಒಂದೇ ಏಟಿಗೆ ತಳ್ಳುವ ಬಲ ಇರುವುದಿಲ್ಲ. ಬಾಗಿಲು ಮೊದಲು ಒಂದು ಗೇಣು ತೆರೆಯುತ್ತದೆ. ಹಿಂದಿನಿಂದ ಬರುವವನಿಗೆ ಆ ಒಂದು ಗೇಣೇ ಸೂಚನೆ.

ಇದನ್ನು ರೂಢಿಗೆ ತರಲು ನಮ್ಮ ಕಾರುಗಳೊಳಗೇ ಒಂದು ಗುರುತು ಇದೆ. ಸೀಟ್ ಬೆಲ್ಟಿನ ಬಕಲ್ ಇರುವುದು ಬಾಗಿಲಿನ ಕಡೆಗಲ್ಲ, ಒಳಬದಿಗೆ. ಬಲಕ್ಕೆ ಕೂತವರ ಬಕಲ್ ಎಡ ಸೊಂಟದ ಬಳಿ, ಎಡಕ್ಕೆ ಕೂತವರದು ಬಲ ಸೊಂಟದ ಬಳಿ. ಬೆಲ್ಟ್ ಬಿಚ್ಚಲು ಸಹಜವಾಗಿ ಹೋಗುವ ಕೈ ಯಾವುದೋ ಅದೇ ದೂರದ ಕೈ. ಬಿಚ್ಚಿದ ಕೈಯನ್ನು ವಾಪಸು ತರದೆ ನೇರ ಬಾಗಿಲಿಗೆ ಒಯ್ದರೆ ಕೆಲಸ ಆಯಿತು. ಎಡವೋ ಬಲವೋ ಎಂಬ ಗೊಂದಲವೇ ಬೇಡ: ಬೆಲ್ಟ್ ಬಿಚ್ಚಿದ ಕೈಯೇ ಬಾಗಿಲು ತೆರೆಯಲಿ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿದವರಿಗೂ ಇದು ಅನ್ವಯ. ಎಡಗೈ ಬಳಸಲು ಹಿಂಜರಿಯುವ ಹಿರಿಯರಿಗೆ ಹೇಳಬೇಕಾದ್ದು ಇಷ್ಟೆ: ಇಲ್ಲಿ ಎಡಗೈ ಮಾಡುವುದು ಶುಭಕಾರ್ಯವನ್ನೇ.

ಭುಜ ನೋವಿರುವವರಿಗೆ, ಬಸುರಿಯರಿಗೆ, ಮಂಡಿ ಹಿಡಿದುಕೊಂಡೇ ಇಳಿಯಬೇಕಾದ ವಯಸ್ಸಾದವರಿಗೆ ಮೈ ಹೊರಳಿಸುವುದು ಕಷ್ಟ. ಅವರು ಯಾವ ಕೈಯಿಂದಲಾದರೂ ತೆರೆಯಲಿ. ಆದರೆ ಕನ್ನಡಿ ನೋಡಿ, ಹಿಂದಕ್ಕೆ ಕಣ್ಣುಹಾಯಿಸಿ, ಸಾಧ್ಯವಾದರೆ ಫುಟ್‌ಪಾತಿನ ಬದಿಯಿಂದ ಇಳಿಯಲಿ.

> ಜಗತ್ತು ಏನು ಮಾಡಿದೆ
>
> 2011: ಅಮೆರಿಕದ ಇಲಿನಾಯ್ ರಾಜ್ಯ ಬಾಗಿಲು ಬಡಿದ ಅಪಘಾತಗಳನ್ನು ದಾಖಲೆಯಲ್ಲಿ ಲೆಕ್ಕಹಿಡಿಯಲು ಶುರುಮಾಡಿತು. ಅದಕ್ಕೂ ಮೊದಲು, ಕಾರು ಚಲಿಸುತ್ತಿರಲಿಲ್ಲ ಎಂಬ ಕಾರಣಕ್ಕೆ ಅವು ಲೆಕ್ಕಕ್ಕೇ ಬರುತ್ತಿರಲಿಲ್ಲ.
>
> 2013: ಶಿಕಾಗೊ ನಗರ ದಂಡವನ್ನು 1,000 ಡಾಲರಿಗೆ ಏರಿಸಿತು. ಟ್ಯಾಕ್ಸಿಯೊಳಗೆ ‘ನೋಡಿ ಇಳಿಯಿರಿ’ ಎಂಬರ್ಥದ ಸ್ಟಿಕ್ಕರು ಬಂತು.
>
> 2018: ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ವಿಶ್ವಸಂಸ್ಥೆ ಘೋಷಿಸಿತು.
>
> 2022, ಜನವರಿ 29: ಬ್ರಿಟನ್ನಿನ ಹೈವೇ ಕೋಡ್, ಸಾಧ್ಯವಿರುವವರು ಬಾಗಿಲಿನ ಎದುರುಬದಿಯ ಕೈಯಿಂದಲೇ ತೆರೆಯಬೇಕೆಂದು 239ನೇ ನಿಯಮದಲ್ಲಿ ಸೇರಿಸಿತು. ಬಾಗಿಲು ತೆರೆದು ಇನ್ನೊಬ್ಬರನ್ನು ಅಪಾಯಕ್ಕೆ ಸಿಲುಕಿಸಿದರೆ ಅಲ್ಲಿ 1,000 ಪೌಂಡಿನವರೆಗೆ ದಂಡ.

ಒಬ್ಬ ವೈದ್ಯರ ಹಟ

ಈ ಕೈಚಳಕಕ್ಕೆ ಇಂದು ಜಗತ್ತೆಲ್ಲ ‘ಡಚ್ ರೀಚ್’ ಎನ್ನುತ್ತಿದೆ. ಹೆಸರು ಹಾಲೆಂಡಿನದಾದರೂ ಅದನ್ನು ಹಬ್ಬಿಸಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಊರು. 2016ರ ಜೂನ್‌ನಲ್ಲಿ ಅಲ್ಲಿಯ ಇನ್ಮನ್ ಸ್ಕ್ವೇರ್‌ನಲ್ಲಿ ಸೈಕಲ್ ಮೇಲಿದ್ದ ಯುವತಿಯೊಬ್ಬಳು ತೆರೆದ ಬಾಗಿಲಿಗೆ ಬಡಿದು ರಸ್ತೆಗೆ ಬಿದ್ದು ವಾಹನದಡಿ ಸಿಲುಕಿ ತೀರಿಕೊಂಡಳು. ಅದೇ ಊರಿನ ನಿವೃತ್ತ ವೈದ್ಯ ಮೈಕೆಲ್ ಚಾರ್ನಿ ಸುಮ್ಮನಿರಲಿಲ್ಲ. ನೆದರ್ಲೆಂಡ್ಸಿನಲ್ಲಿ ಅನೇಕರಿಗೆ ರೂಢಿಯಾಗಿದ್ದ ಈ ಅಭ್ಯಾಸವನ್ನು ಎತ್ತಿಕೊಂಡು ‘ಡಚ್ ರೀಚ್ ಪ್ರಾಜೆಕ್ಟ್’ ಶುರುಮಾಡಿದರು. ಮರುವರ್ಷವೇ ಮ್ಯಾಸಚೂಸೆಟ್ಸ್ ತನ್ನ ಚಾಲಕರ ಕೈಪಿಡಿಯಲ್ಲಿ ಅದನ್ನು ಸೇರಿಸಿತು. ಇಲಿನಾಯ್ ಹಿಂಬಾಲಿಸಿತು. ಆರು ವರ್ಷ ಕಳೆಯುವುದರೊಳಗೆ ಬ್ರಿಟನ್ನಿನ ರಸ್ತೆ ನಿಯಮದಲ್ಲೂ ಅದು ಜಾಗ ಪಡೆಯಿತು. ಹೊಸ ಯಂತ್ರವಿಲ್ಲ, ಖರ್ಚಿಲ್ಲ. ಒಬ್ಬ ಹಿರಿಯ ನಾಗರಿಕನ ಬೆನ್ನುಬಿಡದ ಓಡಾಟ.

ಹಾಗೆಂದು ಹಾಲೆಂಡ್ ಸುರಕ್ಷಿತವಾಗಿದ್ದು ಕೈ ಬದಲಿಸಿದ್ದರಿಂದಲೇ ಎಂದರೆ ಅದು ಅರ್ಧಸತ್ಯ.

1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹೋಫ್ ಮರುವರ್ಷ ಪತ್ರಿಕೆಯಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬರೆದರು. ಅದೇ ಹೆಸರಿನ ಚಳವಳಿ ಹುಟ್ಟಿತು. ತಾಯಂದಿರು, ಮಕ್ಕಳು ಬೀದಿಗಿಳಿದರು. 1973ರಲ್ಲಿ ತೈಲ ಬಿಕ್ಕಟ್ಟು ಬಂದಾಗ ಸರ್ಕಾರವೇ ಭಾನುವಾರಗಳಂದು ಕಾರು ನಿಷೇಧಿಸಿತು. ಖಾಲಿ ಹೆದ್ದಾರಿಗಳಲ್ಲಿ ಜನ ಸೈಕಲ್ ತುಳಿದರು. ಮುಂದಿನ ದಶಕಗಳಲ್ಲಿ ಬೀದಿಗಳ ನಕ್ಷೆಯೇ ಬದಲಾಯಿತು. ಪಾರ್ಕಿಂಗಿಗೂ ಸೈಕಲ್ ಪಥಕ್ಕೂ ನಡುವೆ ಬಾಗಿಲು ತೆರೆಯುವಷ್ಟು ಜಾಗ ಬಿಡುವುದು ಅಲ್ಲಿ ವಿನ್ಯಾಸದ ಭಾಗ. ಕಾನೂನೂ ಸವಾರನ ಕಡೆಗಿದೆ: ಕಾರು ಮತ್ತು ಸೈಕಲ್ ನಡುವಿನ ಅಪಘಾತದಲ್ಲಿ ನಷ್ಟದ ಹೊಣೆ ಮೊದಲು ಬೀಳುವುದು ಕಾರಿನವರ ಮೇಲೆ. ಇಷ್ಟೆಲ್ಲ ಇರುವಲ್ಲಿ ಕೈ ಬದಲಿಸುವುದು ಕೊನೆಯ ಕಾವಲು. ನಮ್ಮಲ್ಲಿ ಸದ್ಯಕ್ಕೆ ಅದೇ ಮೊದಲನೆಯದು, ಬಹುತೇಕ ರಸ್ತೆಗಳಲ್ಲಿ ಅದೊಂದೇ.

ನಮ್ಮ ಅಪಾಯ ಎಡಬಾಗಿಲಲ್ಲೂ ಇದೆ

ಪಾಶ್ಚಾತ್ಯ ದೇಶಗಳ ಪಾಠದಲ್ಲಿ ಬಾಗಿಲು ಎಂದರೆ ಹೆಚ್ಚಾಗಿ ಓಡಿಸುವವರ ಬಾಗಿಲು. ಕಾರು ಫುಟ್‌ಪಾತಿಗೆ ತಾಗಿ ನಿಂತಿರುತ್ತದೆ, ರಸ್ತೆಗೆ ತೆರೆಯುವುದು ಆ ಒಂದು ಬದಿ. ನಮ್ಮಲ್ಲಿ ಹಾಗಲ್ಲ. ಸಿಗ್ನಲ್ ಕೆಂಪಾಗಿದೆ, ಕ್ಯಾಬು ರಸ್ತೆಯ ನಡುಭಾಗದಲ್ಲಿದೆ. ‘ಇಲ್ಲೇ ಇಳಿದುಬಿಡ್ತೀನಿ ಅಣ್ಣಾ’ ಎನ್ನುತ್ತ ಪ್ರಯಾಣಿಕರು ಎಡಬಾಗಿಲು ತೆರೆಯುತ್ತಾರೆ. ಕಾರಿಗೂ ಫುಟ್‌ಪಾತಿಗೂ ನಡುವಿನ ಸಂದಿಯಲ್ಲಿ ಸೈಕಲ್, ಸ್ಕೂಟರ್, ಡೆಲಿವರಿ ಬೈಕುಗಳು ನುಸುಳುತ್ತಿರುತ್ತವೆ. ಎಡಬದಿ ಸುರಕ್ಷಿತ ಎಂಬ ನಂಬಿಕೆಯೇ ಇಲ್ಲಿ ಮುಳುವಾಗುತ್ತದೆ.

ಹಿಂದಿನ ಸೀಟಿನವರ ಬಳಿ ಕನ್ನಡಿಯೂ ಇಲ್ಲ. ಡ್ರೈವರಿಗೆ ಎರಡೂ ಬದಿ ಕಾಣುತ್ತದೆ, ಪ್ರಯಾಣಿಕರಿಗೆ ಏನೂ ಕಾಣದು. ಆದ್ದರಿಂದ ಬಾಗಿಲು ತೆರೆಯಲು ಅನುಮತಿ ಕೊಡುವ ಅಧಿಕಾರ ಡ್ರೈವರ್ ಬಳಿಯೇ ಇರಬೇಕು. ‘ಒಂದ್ನಿಮಿಷ ಮೇಡಂ, ಗಾಡಿ ಬರ್ತಾ ಇದೆ’ ಎಂದು ತಡೆಯುವ ಕ್ಯಾಬ್ ಡ್ರೈವರುಗಳಿದ್ದಾರೆ. ಅವರು ಉಳಿಸಿದ ಜೀವಗಳು ಯಾವ ಪಟ್ಟಿಯಲ್ಲೂ ಇಲ್ಲ. ಚೈಲ್ಡ್ ಲಾಕ್ ಹಾಕಿ ತಡೆಯೋಣವೆಂದರೆ ಆ ದಾರಿ ಮುಚ್ಚಿದೆ. ಮಹಿಳೆಯರ ಸುರಕ್ಷತೆಗಾಗಿ 2019ರ ಜುಲೈನಿಂದ ಹೊಸ ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಕೂಡದೆಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಅದು ಸರಿಯಾದ ನಿಯಮವೇ. ಹಾಗಾಗಿ ಉಳಿದಿರುವುದು ಡ್ರೈವರಿನ ಬಾಯಿಮಾತು ಮತ್ತು ಪ್ರಯಾಣಿಕರ ಕುತ್ತಿಗೆ.

ನಮ್ಮಲ್ಲಿ ಬಾಗಿಲಿಗೆ ಬಡಿಯುವವರು ಸೈಕಲ್ ಸವಾರರಷ್ಟೇ ಅಲ್ಲ. 2024ರ ಏಪ್ರಿಲ್ 8ರಂದು ಬೆಂಗಳೂರಿನ ಕೆ.ಆರ್. ಪುರದಲ್ಲಿ, ಲೋಕಸಭಾ ಚುನಾವಣೆಯ ಪ್ರಚಾರದ ನಡುವೆ, ನಿಂತ ಕಾರೊಂದರ ಬಾಗಿಲು ತೆರೆಯಿತು. ಹಿಂದಿನಿಂದ ಬಂದ ಸ್ಕೂಟರ್ ಸವಾರ ಅದಕ್ಕೆ ಬಡಿದು ಬಿದ್ದರು, ಬಸ್ಸು ಮೈಮೇಲೆ ಹರಿಯಿತು. ಪೊಲೀಸರು ಪ್ರಕರಣ ದಾಖಲಿಸಿದರು, ಕೆಲವು ದಿನ ಊರೆಲ್ಲ ಅದರದೇ ಮಾತು. ಮಾತೆಲ್ಲ ಕಾರು ಯಾರದೆಂಬುದರ ಸುತ್ತ ಸುತ್ತಿತು. ಬಾಗಿಲು ತೆರೆಯುವುದು ಹೇಗೆಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲವೆಂಬ ಸಂಕಟ ನನ್ನದು.

> ಕಾನೂನಿನ ಕಣ್ಣಲ್ಲಿ ನಿಂತ ಕಾರು
>
> ಕಾರು ನಿಂತಿತ್ತು ಎಂಬುದು ರಕ್ಷಣೆಯಲ್ಲ. ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್, ಸಾವು ಸಂಭವಿಸಿದರೆ 106ನೇ ಸೆಕ್ಷನ್ ಇದೆ. ಎರಡನೆಯದರಲ್ಲಿ ಐದು ವರ್ಷದವರೆಗೆ ಜೈಲು. ನಿರ್ಲಕ್ಷ್ಯ ಯಾರದೋ ಹೊಣೆಯೂ ಅವರದು, ಹಿಂದಿನ ಸೀಟಿನವರದೂ ಆಗಬಹುದು.
>
> ಪರಿಹಾರದ ವಿಷಯದಲ್ಲಿ ಒಂದು ಹಳೆಯ ತೀರ್ಪು ನೆರವಿಗಿದೆ. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಉರುಳಿ, ಗಂಟೆಗಳ ನಂತರ ಸ್ಫೋಟಿಸಿ ಜನ ಸತ್ತಿದ್ದರು. ನಿಂತ ವಾಹನವೂ ‘ವಾಹನದ ಬಳಕೆ’ಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಬಾಗಿಲು ಬಡಿದು ಗಾಯಗೊಂಡವರು ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಲು ಈ ದಾರಿ ತೆರೆದಿದೆ.

ಅಂಚಿಗೆ ಸರಿದಷ್ಟೂ ಅಪಾಯ

ಸೈಕಲ್ ಸವಾರರಿಗೆ ನಾವು ಚಿಕ್ಕಂದಿನಿಂದ ಹೇಳಿಕೊಟ್ಟಿರುವುದು ಒಂದೇ ಮಾತು: ಅಂಚಿಗೆ ಹೋಗು. ನಿಂತ ಕಾರುಗಳಿರುವ ಬೀದಿಯಲ್ಲಿ ಇದು ತಪ್ಪು ಬುದ್ಧಿವಾದ. ಕಾರುಗಳಿಂದ ಒಂದು ಮೀಟರ್ ದೂರವಿಟ್ಟು, ಹಾವಿನಂತೆ ಒಳಗೆ ಹೊರಗೆ ಸುಳಿಯದೆ, ನೇರವಾಗಿ ಹೋಗುವುದೇ ಸರಿ. ಈಗಷ್ಟೇ ನಿಂತ ಕ್ಯಾಬು, ಸೀಟಿನ ಮೇಲೆ ಕಾಣುವ ತಲೆ, ಆಗಷ್ಟೇ ಆರಿದ ಬ್ರೇಕ್ ಲೈಟು, ಇವೆಲ್ಲ ಬಾಗಿಲು ತೆರೆಯಬಹುದೆಂಬ ಮುನ್ಸೂಚನೆ.

ಆದರೆ ಈ ಸಲಹೆಯನ್ನು ಪಾಲಿಸುವ ಸವಾರನ ಬೆನ್ನಿಗೆ ಬಸ್ಸಿನ ಹಾರ್ನ್ ಬೀಳುತ್ತದೆ. ಬಾಗಿಲಿಗೆ ಹೆದರಿ ಒಳಗೆ ಬಂದರೆ ಬಸ್ಸು, ಬಸ್ಸಿಗೆ ಹೆದರಿ ಅಂಚಿಗೆ ಸರಿದರೆ ಬಾಗಿಲು. ಬೆಳಗಿನ ಜಾವ ಪೇಪರ್ ಹಾಕುವ ಹುಡುಗ, ರಾತ್ರಿ ಪಾಳಿ ಮುಗಿಸಿ ಹೊರಟ ಸೆಕ್ಯುರಿಟಿ ಗಾರ್ಡ್, ಗಾರೆ ಕೆಲಸಕ್ಕೆ ಹೋಗುವವರು, ಇವರಾರಿಗೂ ಸೈಕಲ್ ಹವ್ಯಾಸವಲ್ಲ. ಹೆಲ್ಮೆಟ್ಟಿಲ್ಲ, ಹಿಂದೆ ನೋಡುವ ಕನ್ನಡಿಯಿಲ್ಲ, ಕೈ ಮುರಿದರೆ ಆ ತಿಂಗಳ ಸಂಬಳವೂ ಇಲ್ಲ. ಎಚ್ಚರದ ಭಾರವನ್ನು ಇವರ ಮೇಲೆ ಹೊರಿಸಿ, ಗಾಜಿನೊಳಗೆ ತಂಪಾಗಿ ಕೂತವರು ಹಗುರಾಗುವುದು ನ್ಯಾಯವಲ್ಲ.

ಬೀದಿಯನ್ನು ಬದಲಿಸುವ ಪ್ರಯತ್ನಗಳು ನಮ್ಮಲ್ಲೂ ಆಗಿವೆ. ಜಯನಗರದಲ್ಲಿ ದಶಕಕ್ಕೂ ಹಿಂದೆ ಸೈಕಲ್ ಪಥ ಗುರುತಿಸಿದರು; ಬಹುಬೇಗ ಅದರ ಮೇಲೆ ಕಾರುಗಳು ನಿಂತವು. ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್ಲುಗಳೊಂದಿಗೆ ‘ಟ್ರಿಣ್ ಟ್ರಿಣ್’ ಬಂತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ಲಿಗೆ ಪ್ರತ್ಯೇಕ ಜಾಗ ಕೊಟ್ಟರು. ಕಂಬಗಳು ಒಂದೊಂದಾಗಿ ಕಾಣೆಯಾದವು. ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ನಿಲ್ಲಿಸಿದ ಕಾರುಗಳಿಗೆ ತಾಗಿಕೊಂಡೇ ಸೈಕಲ್ ಪಥದ ಬಣ್ಣ ಬಳಿದರೆ, ಸವಾರನನ್ನು ಬಾಗಿಲಿನ ಬಾಯಿಗೆ ಕರೆದೊಯ್ದು ನಿಲ್ಲಿಸಿದಂತೆ. ಅಂಥ ಪಥಕ್ಕಿಂತ ಪಥ ಇಲ್ಲದಿರುವುದೇ ವಾಸಿ.

ಶಾಲೆಯ ಗೇಟಿನ ಮುಂದೆ

ಶಾಲೆಗಳು ಮತ್ತೆ ತೆರೆದಿವೆ. ಬೆಳಿಗ್ಗೆ ಎಂಟೂವರೆಗೆ ಯಾವುದಾದರೂ ಶಾಲೆಯ ಗೇಟಿನ ಮುಂದೆ ಸಾಲುಗಟ್ಟಿದ ಕಾರುಗಳ ಬಾಗಿಲುಗಳೆಲ್ಲ ಒಟ್ಟಿಗೇ ತೆರೆಯುತ್ತವೆ. ಮಗುವಿನ ಗಮನ ಬ್ಯಾಗಿನ ಮೇಲೆ, ಗಂಟೆಯ ಸದ್ದಿನ ಮೇಲೆ. ಅದೇ ಗೇಟಿಗೆ ಇನ್ನಷ್ಟು ಮಕ್ಕಳು ಸೈಕಲ್ಲಿನಲ್ಲಿ ಬರುತ್ತಿರುತ್ತಾರೆ. 2006–07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಿಂದ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳು ಸೈಕಲ್ ಹತ್ತಿದ ನಾಡು ಇದು. ಅವರಿಗಾಗಿ ಬಾಗಿಲ ಪಾಠವನ್ನು ಕಾರಿನಲ್ಲಿ ಬರುವ ಮಕ್ಕಳಿಗೆ ಕಲಿಸುವುದು ಕಷ್ಟವಲ್ಲ. ದೊಡ್ಡವರಿಗಿಂತ ಅವರೇ ಬೇಗ ಕಲಿಯುತ್ತಾರೆ, ಮರೆತ ಅಪ್ಪನಿಗೆ ‘ಆ ಕೈ ಅಲ್ಲಪ್ಪಾ’ ಎಂದು ನೆನಪಿಸುತ್ತಾರೆ. ಚಿಕ್ಕವರಿದ್ದರೆ ಸ್ವಂತ ಕಾರಿನ ಚೈಲ್ಡ್ ಲಾಕ್ ಹಾಕಿ, ದೊಡ್ಡವರೇ ಇಳಿದು ಹೊರಗಿನಿಂದ ತೆರೆಯಲಿ.

ಹೊಸ ದುಬಾರಿ ಕಾರುಗಳಲ್ಲಿ, ಈಚೆಗೆ ಕೆಲವು ಮಧ್ಯಮ ಬೆಲೆಯವುಗಳಲ್ಲೂ, ಹಿಂದಿನಿಂದ ವಾಹನ ಬರುತ್ತಿದ್ದರೆ ಬೀಪ್ ಎನ್ನುವ ವ್ಯವಸ್ಥೆ ಬಂದಿದೆ. ಒಳ್ಳೆಯದೇ. ಆದರೆ ಆ ಬೀಪ್ ಇಲ್ಲದ ಕಾರುಗಳೇ ರಸ್ತೆಯಲ್ಲಿ ಇನ್ನೂ ಬಹುಕಾಲ ಓಡಾಡಲಿವೆ. ಡ್ರೈವಿಂಗ್ ಸ್ಕೂಲುಗಳು ಕ್ಲಚ್ಚಿನ ಜೊತೆಗೆ ಬಾಗಿಲನ್ನೂ ಕಲಿಸಲಿ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕಿದ ಮೇಲೆ ಅಭ್ಯರ್ಥಿ ಕಾರಿನಿಂದ ಇಳಿಯುವ ರೀತಿಗೂ ಅಂಕವಿರಲಿ. 2019ರಲ್ಲಿ ಊಬರ್ ಕಂಪನಿ ವಿದೇಶದ ಹಲವು ನಗರಗಳಲ್ಲಿ, ಸೈಕಲ್ ಪಥದ ಬಳಿ ಇಳಿಯುವವರ ಫೋನಿಗೆ ಎಚ್ಚರಿಕೆ ಕಳಿಸಲು ಶುರುಮಾಡಿತು. ಬೆಂಗಳೂರಿನ ಪ್ರತಿ ಕ್ಯಾಬಿನ ಹಿಂಬಾಗಿಲ ಹಿಡಿಯ ಪಕ್ಕ ಕನ್ನಡದಲ್ಲೊಂದು ಸ್ಟಿಕ್ಕರು ಅಂಟಿಸಲು ಎಷ್ಟು ಖರ್ಚಾದೀತು?

ಕೊನೆಯದಾಗಿ ಲೆಕ್ಕದ ಮಾತು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಸತ್ತವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು. ಕಾರಣಗಳ ಪಟ್ಟಿಯಲ್ಲಿ ಅತಿವೇಗ, ಕುಡಿದು ಚಾಲನೆ, ತಪ್ಪು ದಿಕ್ಕು, ಕೆಂಪು ದೀಪ ಜಿಗಿತ, ಮೊಬೈಲ್ ಬಳಕೆ ಇವೆ. ಬಾಗಿಲು ಇಲ್ಲ. ಬಾಗಿಲಿಗೆ ಬಡಿದು ಬಸ್ಸಿನಡಿ ಬಿದ್ದವನ ಸಾವು ಬಸ್ಸಿನ ಖಾತೆಗೋ ‘ಇತರೆ’ಗೋ ಸೇರಿಹೋಗುತ್ತದೆ. ಶಿಕಾಗೊದಲ್ಲಿ ದಂಡ ಏರಿದ್ದು, ಟ್ಯಾಕ್ಸಿಗೆ ಸ್ಟಿಕ್ಕರು ಬಂದದ್ದು ಇಲಿನಾಯ್ ಎಣಿಸಲು ಶುರುಮಾಡಿದ ಮೇಲೆ. ನಮ್ಮ ಪೊಲೀಸರು ಈಗ ಅಪಘಾತದ ವಿವರಗಳನ್ನು ಸ್ಥಳದಿಂದಲೇ ಐ-ರಾಡ್ ಎಂಬ ಆ್ಯಪಿನಲ್ಲಿ ದಾಖಲಿಸುತ್ತಾರೆ. ಅದರಲ್ಲಿ ‘ಬಾಗಿಲು ತೆರೆದಿದ್ದರಿಂದ’ ಎಂಬ ಒಂದು ಆಯ್ಕೆಯನ್ನು ಸೇರಿಸಲು ವಿಧಾನಸಭೆಯ ಅಧಿವೇಶನ ಬೇಕಿಲ್ಲ, ಸಂಸತ್ತಿನ ಮಸೂದೆ ಬೇಕಿಲ್ಲ. ಸಾರಿಗೆ ಸಚಿವಾಲಯದ ಒಂದು ಆದೇಶ ಸಾಕು. ಮುಂದಿನ ಜೂನ್ 3ರೊಳಗೆ ಅದು ಹೊರಡಲಿ.